ಎರಡು ಪಂಪೆಗಳ ನಡುವೆ





ಕಳೆದ ಶನಿವಾರ ಭಜನೆ ಮುಗಿದು ಊಟಕ್ಕೆ ಎಲೆ ಹಾಕುತ್ತಿದ್ದರು. ಪುಣೆಯಿಂದ ಬಂದಿದ್ದ ಒಬ್ಬ ಕನ್ನಿಸ್ವಾಮಿ ಪಕ್ಕದಲ್ಲಿ ಬಂದು ಕೂತರು. ಕಂಪ್ಯೂಟರ್ ಕೆಲಸ, ವಯಸ್ಸು ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ಇರಬೇಕು. "ಗುರುಸ್ವಾಮಿ, ಒಂದು ಡೌಟು. ತಪ್ಪು ತಿಳ್ಕೋಬೇಡಿ" ಅಂದರು. ಹೀಗೆ ಶುರುವಾಗುವ ಪ್ರಶ್ನೆಗಳೇ ಚೆನ್ನಾಗಿರುತ್ತವೆ, ಕೇಳಿ ಅಂದೆ.

"ನಾವು ಹತ್ತೋ ಬೆಟ್ಟಕ್ಕೆ ಶಬರಿ ಹೆಸರಿದೆ. ನಮ್ಮೂರಲ್ಲಿ ಕೇಳಿದರೆ ಶಬರಿ ಇದ್ದದ್ದು ಹಂಪಿ ಹತ್ತಿರದ ಪಂಪಾ ಸರೋವರದಲ್ಲಿ ಅಂತಾರೆ. ಆಫೀಸಲ್ಲಿ ಒಬ್ಬ ಗುಜರಾತಿ ಗೆಳೆಯ ಇದಾನೆ, ಅವನು ಡಾಂಗ್ ಕಾಡು ಅಂತಾನೆ. ಎಲ್ಲಾ ಕಡೆ ಇದ್ದಳು ಅಂದರೆ ಎಲ್ಲೂ ಇರಲಿಲ್ಲ ಅಂತ ತಾನೇ ಅರ್ಥ?"

ಅಷ್ಟರಲ್ಲಿ ಸಾರು ಬಂತು. ಮೊದಲು ಊಟ ಮಾಡಿ, ಉತ್ತರ ಬರೆದು ಕಳಿಸುತ್ತೇನೆ ಅಂದೆ. ಈ ವಾರದ ಬರಹ ಅದೇ. ಪ್ರಶ್ನೆ ಅವರೊಬ್ಬರದಲ್ಲ ಎಂದು ಗೊತ್ತು, ಹಾಗಾಗಿ ಎಲ್ಲರಿಗೂ ಬರೆಯುತ್ತಿದ್ದೇನೆ.

ಮೊದಲಿಗೆ ಒಪ್ಪಿಕೊಳ್ಳಬೇಕಾದದ್ದನ್ನು ಒಪ್ಪಿಕೊಂಡುಬಿಡೋಣ. ಶಬರಿಯ ಜಾಗಗಳು ಅವರು ಹೇಳಿದ್ದಕ್ಕಿಂತಲೂ ಹೆಚ್ಚಿವೆ. ಕೊಪ್ಪಳ ಜಿಲ್ಲೆಯ ಆನೆಗೊಂದಿ ಬಳಿಯ ಪಂಪಾ ಸರೋವರ ಒಂದು. ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನಲ್ಲಿ ಸುರೇಬಾನದ ಹತ್ತಿರ ಶಬರಿಕೊಳ್ಳ ಇದೆ. ಛತ್ತೀಸಗಢದಲ್ಲಿ ಮಹಾನದಿಯ ದಂಡೆಯ ಶಿವರಿನಾರಾಯಣ, ಗುಜರಾತಿನ ಡಾಂಗ್ ಜಿಲ್ಲೆಯ ಶಬರಿಧಾಮ, ಆಮೇಲೆ ನಮ್ಮ ಶಬರಿಮಲೆ. ಹನುಮಂತನ ವಿಷಯದಲ್ಲೂ ಇದೇ ಕಥೆ. ಆನೆಗೊಂದಿಯ ಅಂಜನಾದ್ರಿಯೇ ಅವನ ಜನ್ಮಸ್ಥಳ ಎಂದು ನಾವು ನಂಬಿಕೊಂಡು ಬಂದಿದ್ದರೆ, 2021ರಲ್ಲಿ ತಿರುಮಲ ತಿರುಪತಿ ದೇವಸ್ಥಾನದವರು ತಿರುಮಲದ ಅಂಜನಾದ್ರಿಯೇ ಜನ್ಮಸ್ಥಳ ಎಂದು ಘೋಷಿಸಿದರು. ಆಗ ನಮ್ಮ ಗುಂಪಿನಲ್ಲೂ ಎರಡು ದಿನ ಜಗಳ ನಡೆಯಿತು, ನೆನಪಿರಬಹುದು. ನಾನೂ ಆವೇಶದಲ್ಲಿ ನಾಲ್ಕು ಮಾತು ಬರೆದಿದ್ದೆ. ಬರೆಯಬಾರದಿತ್ತು.

ಜಗಳಕ್ಕೆ ಮೊದಲು ಓದಬೇಕಾದದ್ದು ವಾಲ್ಮೀಕಿ ರಾಮಾಯಣದ ಅರಣ್ಯಕಾಂಡದ ಕೊನೆಯ ಮೂರು ಸರ್ಗಗಳನ್ನು. ಶಬರಿ ಅಂದ ಕೂಡಲೇ ನಮಗೆ ನೆನಪಾಗುವುದು ಎಂಜಲು ಹಣ್ಣು. ಆದರೆ ವಾಲ್ಮೀಕಿಯಲ್ಲಿ ಎಂಜಲು ಹಣ್ಣಿನ ಪ್ರಸಂಗವೇ ಇಲ್ಲ. ಪಂಪೆಯ ದಡದ ಕಾಡಿನಲ್ಲಿ ಸಿಕ್ಕುವುದನ್ನೆಲ್ಲ ನಿನಗಾಗಿ ಕೂಡಿಟ್ಟಿದ್ದೇನೆ ಅಂತ ಅವಳು ಹೇಳುತ್ತಾಳೆ, ಅಷ್ಟೇ. ಕಚ್ಚಿ ರುಚಿ ನೋಡಿ ಕೊಟ್ಟಳು ಅನ್ನುವುದು ಮುಂದೆ ಭಕ್ತರ ಬಾಯಲ್ಲಿ ಬೆಳೆದದ್ದು. ಅದರ ಮಾತಿಗೆ ಆಮೇಲೆ ಬರುತ್ತೇನೆ, ಯಾಕೆಂದರೆ ಅದರ ಬಗ್ಗೆ ನನಗಿಂತ ಚೆನ್ನಾಗಿ ಮಾತಾಡಿದವರೊಬ್ಬರಿದ್ದಾರೆ.

ವಾಲ್ಮೀಕಿಯಲ್ಲಿ ಇರುವುದು ಬೇರೆ ಕಥೆ. ಸೀತೆಯನ್ನು ಕಳೆದುಕೊಂಡ ರಾಮಲಕ್ಷ್ಮಣರು ಕಾಡಿನಲ್ಲಿ ಕಬಂಧನ ಕೈಗೆ ಸಿಕ್ಕುತ್ತಾರೆ. ಶಾಪ ಕಳೆದುಕೊಂಡ ಕಬಂಧ ಅವರಿಗೆ ದಾರಿ ಹೇಳುತ್ತಾನೆ: ಪಂಪೆ ಎಂಬ ಸರೋವರ ಸಿಗುತ್ತದೆ, ಅಲ್ಲಿ ಮತಂಗ ಮುನಿಗಳ ಆಶ್ರಮ ಇತ್ತು, ಮುನಿಗಳೆಲ್ಲ ಹೊರಟುಹೋದರು, ಅವರ ಸೇವೆ ಮಾಡಿಕೊಂಡಿದ್ದ ಶಬರಿ ಒಬ್ಬಳೇ ಉಳಿದಿದ್ದಾಳೆ. ಆ ಕಾಡಿನಲ್ಲಿ ಬಾಡದ ಹೂಗಳಿವೆ ಎಂದು ಹೇಳಿ ಅದಕ್ಕೆ ಕಾರಣವನ್ನೂ ಕೊಡುತ್ತಾನೆ. ಮತಂಗರ ಶಿಷ್ಯರು ಗುರುಗಳಿಗಾಗಿ ಕಾಡಿನಿಂದ ಕಂದಮೂಲ ಹೊತ್ತು ತರುತ್ತಿದ್ದರಂತೆ. ಹೊರೆಯ ಭಾರಕ್ಕೆ ಮೈಯಿಂದ ಇಳಿದ ಬೆವರಿನ ಹನಿಗಳು ನೆಲಕ್ಕೆ ಬಿದ್ದು ಹೂವಾದವಂತೆ. ಬೆವರಿನಿಂದ ಹುಟ್ಟಿದ್ದರಿಂದ ಅವು ಬಾಡುವುದಿಲ್ಲವಂತೆ.

ಸ್ವಾಮಿಗಳೇ, ನೀಲಿಮಲೆ ಹತ್ತುವಾಗ ತಲೆಯ ಮೇಲೆ ಇರುಮುಡಿ, ಕುತ್ತಿಗೆಯ ಹಿಂದಿನಿಂದ ಬೆನ್ನಿಗೆ ಇಳಿಯುವ ಬೆವರು. ಅದು ಯಾರಿಗೆ ಗೊತ್ತಿಲ್ಲ! ಹತ್ತು ಹದಿನೈದು ವರ್ಷ ಹೊತ್ತ ಮೇಲೆ ನಾನು ಈ ಸಾಲುಗಳನ್ನು ಓದಿದ್ದು. ಓದಿದ ದಿನ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಮುಂದೆ ಕೇಳಿ. ಅಣ್ಣತಮ್ಮಂದಿರು ಶಬರಿಯ ಆಶ್ರಮಕ್ಕೆ ಬರುತ್ತಾರೆ. ಅವಳು ಎದ್ದು ಕಾಲು ಮುಟ್ಟಿ ನಮಸ್ಕರಿಸಿ, ಕಾಲಿಗೆ ನೀರು ಕೊಡುತ್ತಾಳೆ. ರಾಮ ಕ್ಷೇಮ ಕೇಳುತ್ತಾನೆ. ನಿನ್ನ ತಪಸ್ಸು ಹೇಗೆ ನಡೆದಿದೆ, ಕೋಪವನ್ನು ಗೆದ್ದಿದ್ದೀಯಾ, ಗುರುಸೇವೆ ಫಲ ಕೊಟ್ಟಿತಾ ಎಂದೆಲ್ಲ ವಿಚಾರಿಸುತ್ತಾನೆ. (ವ್ರತದ ದಿನಗಳಲ್ಲಿ ನಾವು ಒಬ್ಬರನ್ನೊಬ್ಬರು ಕೇಳಬೇಕಾದ ಪ್ರಶ್ನೆಗಳೂ ಇವೇ. ಕೇಳುವುದು ಮಾತ್ರ ಟಿಕೆಟ್ ಕನ್ಫರ್ಮ್ ಆಯಿತಾ ಎಂದು!) ಆಮೇಲೆ ರಾಮ ಹೇಳುವ ಮಾತೇ ಈ ಬರಹಕ್ಕೆ ಮೂಲ. ನಿನ್ನ ಗುರುಗಳ ಮಹಿಮೆಯನ್ನು ಕಬಂಧನಿಂದ ಕೇಳಿದ್ದೇನೆ, ನಿನಗೆ ಒಪ್ಪಿಗೆಯಾದರೆ ಅದನ್ನು ಕಣ್ಣಾರೆ ನೋಡಬೇಕು ಅನ್ನುತ್ತಾನೆ.

ಆಗ ಶಬರಿ ಅವನನ್ನು ಕರೆದುಕೊಂಡು ಹೊರಡುತ್ತಾಳೆ. ನೋಡು, ಮೋಡದ ಹಾಗೆ ಕಪ್ಪಗಿರುವ ಈ ಕಾಡಿಗೇ ಮತಂಗವನ ಅಂತ ಹೆಸರು. ಇದು ಅವರ ಯಜ್ಞವೇದಿ, ದಣಿದು ನಡುಗುವ ಕೈಗಳಿಂದಲೇ ಇಲ್ಲಿ ಹೂ ಏರಿಸುತ್ತಿದ್ದರು. ಉಪವಾಸದಿಂದ ನಡೆಯಲು ಶಕ್ತಿ ಇಲ್ಲದಾಗ ನೆನೆದ ಮಾತ್ರಕ್ಕೆ ಏಳು ಸಮುದ್ರಗಳೂ ಇಲ್ಲಿಗೇ ಬಂದವು. ಮಿಂದು ಮರಕ್ಕೆ ಹಾಕಿದ ನಾರುಬಟ್ಟೆಗಳು ಇನ್ನೂ ಒಣಗಿಲ್ಲ, ನೋಡು. ಹೀಗೆ ಒಂದೊಂದನ್ನೂ ಬೊಟ್ಟು ಮಾಡಿ ತೋರಿಸುತ್ತಾಳೆ.

ಗಮನಿಸಿದಿರಾ? ಹಳೆಯ ಕಥೆ ನಡೆದ ಜಾಗಕ್ಕೆ ಯಾತ್ರಿಕನಾಗಿ ಹೋದವನು ಸಾಕ್ಷಾತ್ ಶ್ರೀರಾಮ. ಜಾಗ ತೋರಿಸಿದವಳು ಶಬರಿ. ಮೊದಲು ಕೇಳಿದ, ಆಮೇಲೆ ನೋಡಬೇಕೆಂದು ಬಯಸಿದ, ಅಲ್ಲಿ ಉಳಿದಿದ್ದವಳ ಅಪ್ಪಣೆ ಪಡೆದ, ಅವಳು ಹೇಳಿದ್ದನ್ನು ನಡುವೆ ಬಾಯಿ ಹಾಕದೆ ಕೇಳಿದ. ಹೆಂಡತಿಯನ್ನು ಕಳೆದುಕೊಂಡು ಹುಚ್ಚನಂತೆ ಮರಗಿಡಗಳನ್ನೆಲ್ಲ ವಿಚಾರಿಸಿಕೊಂಡು ಬಂದವನು ಅವನು. ಹೊತ್ತಿಲ್ಲ, ಬೇಗ ಹೋಗಬೇಕು ಅನ್ನಲಿಲ್ಲ. ಶಬರಿ ದೇಹ ಬಿಟ್ಟು ಹೋದ ಮೇಲೆ ತಮ್ಮನಿಗೆ ಹೇಳುತ್ತಾನೆ: ಏಳು ಸಮುದ್ರಗಳ ಈ ತೀರ್ಥದಲ್ಲಿ ಮಿಂದೆವು, ಪಿತೃಗಳಿಗೆ ತರ್ಪಣ ಕೊಟ್ಟೆವು, ಲಕ್ಷ್ಮಣಾ, ನಮ್ಮ ಅಶುಭ ಕಳೆಯಿತು, ಈಗ ನನ್ನ ಮನಸ್ಸು ತಿಳಿಯಾಗಿದೆ. ಸೀತೆಯ ಸುಳಿವು ಇನ್ನೂ ಸಿಕ್ಕಿರಲಿಲ್ಲ. ಆದರೂ ಮನಸ್ಸು ತಿಳಿಯಾಯಿತು ಅನ್ನುತ್ತಾನೆ.

ಈಗ ಜಾಗದ ಪ್ರಶ್ನೆ. ವಾಲ್ಮೀಕಿಯ ಪಂಪೆ ತಾವರೆ ತುಂಬಿದ ಸರೋವರ, ಪಕ್ಕದಲ್ಲೇ ಋಷ್ಯಮೂಕ, ಅಲ್ಲಿ ಸುಗ್ರೀವ. ಈ ಹೆಸರುಗಳೆಲ್ಲ ಒಟ್ಟಿಗೆ ಸಿಕ್ಕುವ ಜಾಗ ಹಂಪಿ ಆನೆಗೊಂದಿ. ತುಂಗಭದ್ರೆಗೆ ಪಂಪಾ ಎಂಬ ಹೆಸರೂ ಇತ್ತು. ಹದಿನಾಲ್ಕನೇ ಶತಮಾನದಲ್ಲಿ ವಿಜಯನಗರ ಹುಟ್ಟುವುದಕ್ಕೆ ಬಹಳ ಮೊದಲೇ ಅಲ್ಲಿ ಪಂಪಾದೇವಿಗೆ ಪೂಜೆ ನಡೆಯುತ್ತಿತ್ತು. ವಿರೂಪಾಕ್ಷನಿಗೆ ಇಂದಿಗೂ ಪಂಪಾಪತಿ ಎಂಬ ಹೆಸರಿದೆ.

ಹಂಪೆ ಎಂಬ ಹೆಸರು ಹೇಗೆ ಬಂತು ಎಂಬುದನ್ನು ಹೊರಗೆ ಹುಟ್ಟಿ ಬೆಳೆದ ನಮ್ಮ ಹುಡುಗರಿಗೆ ಹೇಳಲೇಬೇಕು. ಹಳಗನ್ನಡದಲ್ಲಿ 'ಪ' ಇದ್ದ ಕಡೆ ಹೊಸಗನ್ನಡದಲ್ಲಿ 'ಹ' ಬಂತು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು. ಹಾಗೆಯೇ ಪಂಪೆ ಹಂಪೆಯಾಯಿತು. ಮಲಯಾಳದಲ್ಲಿ ಆ ಬದಲಾವಣೆ ಆಗಲಿಲ್ಲ. ಅದಕ್ಕೇ ನಾವು ಮಣಿಕಂಠ ಹುಲಿಹಾಲು ತಂದ ಅಂತೀವಿ, ಅವರು ಪುಲಿಪ್ಪಾಲ್ ಅಂತಾರೆ. ಹುಲಿಹಾಲಿಗೂ ಪುಲಿಪ್ಪಾಲಿಗೂ ಎಷ್ಟು ದೂರವೋ ಹಂಪೆಗೂ ಪಂಪೆಗೂ ಅಷ್ಟೇ ದೂರ. ಎರಡು ರಾಜ್ಯಗಳಲ್ಲಿ, ನೂರಾರು ಮೈಲಿ ಅಂತರದಲ್ಲಿ, ಒಂದೇ ಹೆಸರಿನ ಎರಡು ನೀರು. ಎರಡರ ದಡದಲ್ಲೂ ಒಬ್ಬಳೇ ಮುದುಕಿ.

ಹಂಪಿಗೆ ಹೋದರೆ ಏನು ನೋಡಬೇಕು ಅಂತ ಪಟ್ಟಿ ಕೇಳುವವರಿದ್ದಾರೆ. ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ. ನಾನು ಹೇಳುವುದು ಕಿವಿಯ ವಿಷಯ. ಹಂಪಿಯ ಗೈಡು ಎರಡು ಬಗೆಯ ಕಥೆಗಳನ್ನು ಒಂದೇ ಉಸಿರಿನಲ್ಲಿ ಹೇಳುತ್ತಾನೆ. ವಿರೂಪಾಕ್ಷ ಗುಡಿಯ ರಂಗಮಂಟಪದ ಮುಂದೆ ನಿಂತು, ಇದು 1510ರಲ್ಲಿ ಕೃಷ್ಣದೇವರಾಯನ ಪಟ್ಟಾಭಿಷೇಕದ ನೆನಪಿಗೆ ಕಟ್ಟಿಸಿದ್ದು ಅನ್ನುತ್ತಾನೆ. ಅದಕ್ಕೆ ಅಲ್ಲೇ ಶಾಸನದ ಕಲ್ಲು ಇದೆ. ಅರ್ಧ ಗಂಟೆಯ ಮೇಲೆ ನಿಂಬಾಪುರದ ಹತ್ತಿರ ಬೂದಿಬಣ್ಣದ ದಿಬ್ಬ ತೋರಿಸಿ, ಇದು ವಾಲಿಯನ್ನು ಸುಟ್ಟ ಜಾಗ ಅನ್ನುತ್ತಾನೆ. ಅದಕ್ಕೆ ಶಾಸನ ಇಲ್ಲ. ತಲೆಮಾರಿನಿಂದ ತಲೆಮಾರಿಗೆ ಬಂದ ಬಾಯಿಮಾತು ಇದೆ. ಎರಡನ್ನೂ ಕೇಳಿ, ಆದರೆ ಯಾವುದು ಯಾವುದು ಎಂದು ಬೇರೆ ಮಾಡಿಕೊಂಡು ಕೇಳಿ. ಕಲ್ಲಿನ ಲೆಕ್ಕ ಕೇಳುವಾಗ ವರ್ಷ ಕೇಳಬೇಕು. ಬಾಯಿಮಾತಿಗೆ ವರ್ಷ ಕೇಳಿದರೆ ಉತ್ತರ ಸಿಗುವುದಿಲ್ಲ, ಇಲ್ಲಿ ಈ ಮಾತನ್ನು ಕಾಪಾಡಿದವರು ಯಾರು ಎಂದು ಕೇಳಿದರೆ ಸಿಗುತ್ತದೆ. ಇದು ನನ್ನ ಅಭಿಪ್ರಾಯ. ಒಪ್ಪದಿದ್ದವರು ಭಜನೆಗೆ ಬಂದು ವಾದ ಮಾಡಬಹುದು, ಊಟವಂತೂ ಇದ್ದೇ ಇದೆ.

ಹಜಾರರಾಮ ಗುಡಿಯಲ್ಲಿ ಈ ಎರಡೂ ಕೂಡಿಕೊಂಡಿವೆ. ಅರಮನೆಯ ಆವರಣದೊಳಗೆ ಇರುವ ಗುಡಿ ಅದು. ಗೋಡೆಯ ಸುತ್ತ ರಾಮಾಯಣವನ್ನು ಸಾಲು ಸಾಲಾಗಿ ಕೆತ್ತಿದ್ದಾರೆ. ಸುತ್ತು ಬರುತ್ತಾ ಓದುವ ಪುಸ್ತಕದ ಹಾಗೆ. ನಮ್ಮ ರಾಜಧಾನಿ ಕಿಷ್ಕಿಂಧೆಯ ಮೇಲೆ ನಿಂತಿದೆ ಎಂದು ಆ ರಾಜರೂ ನಂಬಿದ್ದರು, ನಂಬಿದ್ದನ್ನು ಕಲ್ಲಿಗೆ ಇಳಿಸಿದರು. ಅವರ ನಂಬಿಕೆಯೇ ಈಗ ನಮಗೆ ಇತಿಹಾಸ.

ಮತಂಗ ಬೆಟ್ಟವನ್ನು ಬೆಳಿಗ್ಗೆ ಬೆಳಕು ಹರಿಯುವ ಮೊದಲು ಹತ್ತಿ. ಮಾಲೆ ಹಾಕಿದವರಿಗೆ ಬರಿಗಾಲು, ಹತ್ತು ಗಂಟೆ ದಾಟಿದರೆ ಆ ಬಂಡೆ ಕಾದ ಹೆಂಚು. ಹಂಪಿಯ ಬೆಟ್ಟಗಳಲ್ಲಿ ಅದು ಎತ್ತರದ್ದು. ದುಂದುಭಿಯನ್ನು ಕೊಂದ ವಾಲಿ ಹೆಣವನ್ನು ಎತ್ತಿ ಎಸೆದಾಗ ರಕ್ತದ ಹನಿಗಳು ಮತಂಗರ ಆಶ್ರಮದಲ್ಲಿ ಬಿದ್ದವು, ನೀನು ಇಲ್ಲಿಗೆ ಕಾಲಿಟ್ಟರೆ ಸಾಯುತ್ತೀ ಎಂದು ಮುನಿಗಳು ಶಪಿಸಿದರು, ಆ ಶಾಪದ ನೆರಳಲ್ಲೇ ಸುಗ್ರೀವ ಜೀವ ಉಳಿಸಿಕೊಂಡ. ಮೇಲೆ ನಿಂತರೆ ಸುತ್ತ ದೊಡ್ಡ ದೊಡ್ಡ ಬಂಡೆಗಳು, ಯಾರೋ ಜೋಡಿಸಲು ತಂದು ಅರ್ಧಕ್ಕೆ ಬಿಟ್ಟ ಹಾಗೆ. ಕೆಳಗೆ ಹೊಳೆ, ಹೊಳೆಯಾಚೆ ಭತ್ತದ ಗದ್ದೆ, ಬಾಳೆತೋಟ, ಅದರಾಚೆ ಅಂಜನಾದ್ರಿಯ ಬಿಳಿ ಮೆಟ್ಟಿಲುಗಳ ಸಾಲು. ಡಿಸೆಂಬರಿನಲ್ಲಿ ಹೋದರೆ ಅಲ್ಲಿ ಹನುಮಮಾಲೆ ಹಾಕಿದವರು ಸಾವಿರಾರು ಜನ ಸಿಗುತ್ತಾರೆ. ಅವರು ಕೇಸರಿ, ನಾವು ಕಪ್ಪು. ಅವರು ಜೈ ಶ್ರೀರಾಮ್ ಅಂದರೆ ನಾವು ಶರಣು ಕೂಗಿದೆವು, ಆಮೇಲೆ ಇಬ್ಬರೂ ಕೂಡಿ ಎರಡನ್ನೂ ಕೂಗಿದೆವು.

ಇನ್ನು ಪಂಪಾ ಸರೋವರ. ಹೊಳೆಯ ಉತ್ತರಕ್ಕೆ, ಬೆಟ್ಟಗಳ ನಡುವೆ ಒಂದು ಕೊಳ, ದಡದಲ್ಲಿ ಲಕ್ಷ್ಮಿಯ ಗುಡಿ, ಸ್ವಲ್ಪ ದೂರದಲ್ಲಿ ಶಬರಿಯ ಗುಹೆ. ಹಂಪಿಯ ಗೋಪುರ ನೋಡಿ ಬಂದವರಿಗೆ ಇದು ತೀರಾ ಚಿಕ್ಕದು ಅನ್ನಿಸುತ್ತದೆ. ಇಷ್ಟೇನಾ ಎಂದು ಫೋಟೋ ತೆಗೆದು ವಾಪಸಾಗುವವರೇ ಹೆಚ್ಚು. ನನಗೂ ಒಂದು ಕಾಲದಲ್ಲಿ ಹಾಗೇ ಅನ್ನಿಸುತ್ತಿತ್ತು. ಯಾಕೆಂದರೆ ನಾನು ಹುಟ್ಟಿದ್ದೇ ಅಲ್ಲಿ, ಗಂಗಾವತಿ ಕಡೆಯ ಒಂದು ಹಳ್ಳಿಯಲ್ಲಿ.

ಈ ಮಾತನ್ನು ಗುಂಪಿನಲ್ಲಿ ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಹತ್ತೊಂಬತ್ತಕ್ಕೆ ಮುಂಬಯಿಗೆ ಬಂದೆ. ಹೋಟೆಲಿನಲ್ಲಿ ಗಲ್ಲದ ಮೇಲೆ ಕೂರುವ ತನಕ ಎಲ್ಲ ಕೆಲಸ ಮಾಡಿದೆ. ಮೂರನೇ ವರ್ಷ ಮಾಲೆ ಹಾಕಿದೆ. ಅಲ್ಲಿಂದ ಪ್ರತಿ ವರ್ಷ ನಮ್ಮ ಬಸ್ಸು ಕೊಲ್ಹಾಪುರ, ಹುಬ್ಬಳ್ಳಿ ದಾಟಿ ಹೋಗುತ್ತಿತ್ತು. ಹುಬ್ಬಳ್ಳಿಯಿಂದ ನನ್ನೂರು ಅರ್ಧ ದಿನದ ದಾರಿಯೂ ಅಲ್ಲ. ಅವ್ವ ಪ್ರತಿ ವರ್ಷ ಫೋನಿನಲ್ಲಿ ಕೇಳುತ್ತಿದ್ದಳು, "ಈ ಸಲನರ ಇತ್ಲಾಗ ಬರತೀಯೇನಪಾ?" ಬರುವಾಗ ಬರ್ತೀನಿ ಅನ್ನುತ್ತಿದ್ದೆ. ಬರುವಾಗ ಹುಡುಗರಿಗೆ ಕೆಲಸಕ್ಕೆ ಹಾಜರಾಗುವ ಅವಸರ, ಬಸ್ಸಿನವನಿಗೆ ಬಾಡಿಗೆಯ ಅವಸರ. ಶಬರಿ ಪೀಠದಲ್ಲಿ ಕರ್ಪೂರ ಹಚ್ಚಿ ಕಾದವಳ ಮಹಿಮೆ ಹೇಳಿದ್ದೇ ಹೇಳಿದ್ದು. ಹುಬ್ಬಳ್ಳಿ ಬೈಪಾಸಿನಲ್ಲಿ ಮಲಗಿ ನಿದ್ದೆ ಮಾಡಿದ್ದೂ ಅಷ್ಟೇ ನಿಜ. ಹೀಗೆ ಹದಿನಾರು ವರ್ಷ.

ಹದಿನೇಳನೇ ವರ್ಷ ನಮ್ಮ ಗುಂಪಿನ ಹುಡುಗರೇ ಹಟ ಮಾಡಿದರು, ಗುರುಸ್ವಾಮಿ ಊರು ಹಂಪಿ ಪಕ್ಕ ಅಂತ ಗೊತ್ತಾಗಿ. ಮಕರಜ್ಯೋತಿ ಮುಗಿಸಿ ಬರುವಾಗ ಹೊಸಪೇಟೆಗೆ ತಿರುಗಿದೆವು. ಸಂಕ್ರಾಂತಿ ಕಳೆದು ಎರಡು ದಿನ. ಅವ್ವನಿಗೆ ಆಗಲೇ ಮೊಣಕಾಲು ಹೋಗಿತ್ತು, ಬೆಟ್ಟ ಹತ್ತುವ ಮಾತೇ ಇರಲಿಲ್ಲ. ಆಟೋದಲ್ಲಿ ಪಂಪಾ ಸರೋವರಕ್ಕೆ ಕರೆದುಕೊಂಡು ಬಂದೆ. ಮೆಟ್ಟಿಲ ಮೇಲೆ ಕೂತಳು. ಮಡಿಲಲ್ಲಿ ಒಂದು ಚೀಲ ಬಾರೆಹಣ್ಣು. ಹುಡುಗರು ಸುತ್ತ ಕೂತರು. ಅವ್ವ ಶಬರಿಯ ಕಥೆ ಶುರು ಮಾಡಿದಳು. ಒಂದೊಂದು ಹಣ್ಣು ಕಚ್ಚಿ, ಹುಳಿ ಇದ್ದರೆ ಈಚೆ, ಸಿಹಿ ಇದ್ದರೆ ಆಚೆ ಎಂದು ಕೈಯಲ್ಲೇ ಆಡಿ ತೋರಿಸುತ್ತಿದ್ದಳು.

ಗುಂಪಿನಲ್ಲಿ ಒಬ್ಬ ಚೂಟಿ ಹುಡುಗ. ಆಗಲೇ ಮೊಬೈಲು ತೆಗೆದು ನೋಡಿದ್ದ. "ಅಜ್ಜಿ, ವಾಲ್ಮೀಕಿ ರಾಮಾಯಣದಲ್ಲಿ ಎಂಜಲು ಹಣ್ಣು ಇಲ್ವಂತೆ" ಅಂದ. ನನಗೆ ಕಸಿವಿಸಿ ಆಯಿತು. ಅವ್ವನಿಗೆ ಏನೂ ಆಗಲಿಲ್ಲ. "ಅವಾ ಬರದಿಲ್ಲಂದ್ರ ಏನಾತಪಾ ತಮ್ಮಾ? ಹಣ್ಣು ಹುಳಿ ಐತೋ ಸಿಹಿ ಐತೋ ನೋಡಲಾರದ ಯಾವ ತಾಯಿ ಮಕ್ಕಳ ಕೈಯಾಗ ಕೊಡತಾಳ?" ಅಂದು ಅವನ ಕೈಗೆ ನಾಲ್ಕು ಹಣ್ಣು ಹಾಕಿದಳು. ಅವು ಕಚ್ಚಿದವಲ್ಲ, ಗಾಬರಿಯಾಗಬೇಡಿ. ವ್ರತದಲ್ಲಿದ್ದವರಿಗೆ ಎಂಜಲು ಆಗದೆಂದು ಅವಳಿಗೂ ಗೊತ್ತಿತ್ತು.

ಆಮೇಲೆ ಅವಳು ಬೊಟ್ಟು ಮಾಡುತ್ತಾ ಹೋದಳು. ಆ ಗುಡ್ಡದಾಗ ಸುಗ್ರೀವ ಅಡಗಿದ್ದ. ಇತ್ಲಾಗ ಸೀತವ್ವನ ಒಡವಿ ಬಿದ್ದುವು. ಅಗಾ, ಅಲ್ಲಿ ನಿಮ್ಮ ಗುರುಸ್ವಾಮಿ ಸಣ್ಣಾವಿದ್ದಾಗ ನೀರಾಗ ಬಿದ್ದಿದ್ದ, ಎಮ್ಮಿ ಕಾಯೋ ಹುಡುಗ ಎಳದು ಹಾಕಿದ. ರಾಮನ ಕಥೆ, ನನ್ನ ಕಥೆ ಎರಡೂ ಒಂದೇ ಧ್ವನಿಯಲ್ಲಿ. ಅವಳಿಗೆ ಅವೆರಡರ ನಡುವೆ ಗೆರೆ ಇರಲಿಲ್ಲ. ಮತಂಗವನ ತೋರಿಸುತ್ತಿದ್ದ ಆ ಇನ್ನೊಬ್ಬಳೂ ಹೀಗೇ ಮಾತಾಡಿರಬೇಕು. ಎಲ್ಲರೂ ಹೊರಟುಹೋದ ಮೇಲೆ ಉಳಿದವಳು ಅವಳು. ಯಾವ ಬಟ್ಟೆ ಯಾವ ಮರದ ಮೇಲೆ ಒಣಗುತ್ತಿತ್ತು ಎಂದು ಹೇಳಬಲ್ಲವಳು ಅವಳೊಬ್ಬಳೇ.

ಪುಣೆಯ ಸ್ವಾಮಿಗಳೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಲ್ಲಿಂದ ಬರುತ್ತದೆ. ರಾಮಾಯಣದ ದಾರಿ ಹಿಡಿದು ಹೋದರೆ ಶಬರಿಯ ಪಂಪೆ ಹಂಪಿಯ ಕಡೆಗೇ ಹೆಚ್ಚು ಹೊಂದುತ್ತದೆ ಎಂದು ನನಗೆ ತೋರುತ್ತದೆ. ಅದು ಅಲ್ಲಿ ಹುಟ್ಟಿದವನ ಪಕ್ಷಪಾತವೂ ಇರಬಹುದು. ಅಗೆದು ತೋರಿಸಿ ಅಂದರೆ ಯಾರೂ ತೋರಿಸಲಾರರು. ಆದರೆ ಎಲ್ಲಾ ಕಡೆ ಇದ್ದಳು ಅಂದರೆ ಎಲ್ಲೂ ಇರಲಿಲ್ಲ ಎಂಬ ನಿಮ್ಮ ಲೆಕ್ಕ ತಪ್ಪು. ಸುರೇಬಾನದಲ್ಲಿ, ಡಾಂಗ್ ಕಾಡಿನಲ್ಲಿ, ಮಹಾನದಿಯ ದಂಡೆಯಲ್ಲಿ, ಶಬರಿಮಲೆಯಲ್ಲಿ ಕಾದು ಕೂತ ಮುದುಕಿಯರು ಇದ್ದೇ ಇದ್ದರು. ಪ್ರತಿಯೊಂದು ಊರೂ ತನ್ನ ಮುದುಕಿಯನ್ನು ಆ ಹೆಸರಿನಿಂದ ಕರೆಯಿತು. ಅದರಲ್ಲಿ ಸುಳ್ಳು ಎಲ್ಲಿದೆ?

ಕೇರಳದ ಪಂಪೆಯ ಮಾತು. ಪೀರುಮೇಡಿನ ಬೆಟ್ಟಗಳಲ್ಲಿ ಹುಟ್ಟಿ 176 ಕಿಲೋಮೀಟರು ಹರಿದು ವೆಂಬನಾಡು ಹಿನ್ನೀರು ಸೇರುವ ಹೊಳೆ ಅದು. ಪಂದಳದ ರಾಜನಿಗೆ ಕೂಸು ಸಿಕ್ಕಿದ್ದು ಇದೇ ಹೊಳೆಯ ದಂಡೆಯಲ್ಲಿ. ರಾಮಲಕ್ಷ್ಮಣರು ತಂದೆಗೆ ಪಿಂಡ ಇಟ್ಟ ಜಾಗ ಎಂಬ ನಂಬಿಕೆಯಿಂದ ಅಲ್ಲಿ ಬಲಿತರ್ಪಣ ನಡೆಯುತ್ತದೆ. ಮೇಲೆ ಹೇಳಿದ ರಾಮನ ಮಾತು ನೆನಪು ಮಾಡಿಕೊಳ್ಳಿ, ಪಂಪೆಯ ತೀರ್ಥದಲ್ಲಿ ಮಿಂದು ಪಿತೃಗಳಿಗೆ ತರ್ಪಣ ಕೊಟ್ಟೆವು ಅನ್ನುತ್ತಾನೆ. ಮಿಂದು ಸೀದಾ ಬೆಟ್ಟಕ್ಕೆ ಓಡುವವರು, ತಂದೆಯೋ ತಾಯಿಯೋ ಇಲ್ಲದವರಾಗಿದ್ದರೆ, ಸ್ವಲ್ಪ ನಿಂತು ಅದನ್ನು ಮಾಡಿ. ಆದರೆ ಮಿಂದ ಬಟ್ಟೆಯನ್ನು ನೀರಿಗೆ ಬಿಡಬೇಡಿ. ಅದು ಆಚಾರವೂ ಅಲ್ಲ, ಅಲ್ಲಿ ಅದಕ್ಕೆ ನಿಷೇಧವೂ ಇದೆ. ಮತಂಗರ ಶಿಷ್ಯರು ಬಟ್ಟೆಯನ್ನು ಮರದ ಮೇಲೆ ಒಣಗಲು ಹಾಕಿದರೇ ಹೊರತು ಹೊಳೆಗೆ ಎಸೆಯಲಿಲ್ಲ!

ಇನ್ನೊಂದು. ಈಚೆಗೆ ಹುಡುಗರು ಸ್ವಾಮಿ ಅಯ್ಯಪ್ಪನ್ ರಸ್ತೆ ಸಲೀಸು ಅಂತ ಅದರಲ್ಲೇ ಹತ್ತಿ ಹೋಗುತ್ತಾರೆ. ವಯಸ್ಸಾದವರು, ಎದೆನೋವಿನವರು ಹೋಗಲಿ. ಆದರೆ ಆ ದಾರಿಯಲ್ಲಿ ಶಬರಿ ಪೀಠ ಸಿಗುವುದಿಲ್ಲ. ನೀಲಿಮಲೆ, ಅಪ್ಪಾಚಿಮೇಡು ದಾಟಿದರೆ ಮಾತ್ರ ಶಬರಿ ಪೀಠ. ಕನ್ನಿಸ್ವಾಮಿಗಳು ಆ ದಾರಿಯಲ್ಲೇ ಬರಬೇಕು, ಇದು ನಮ್ಮ ಗುಂಪಿನ ನಿಯಮ. ಶಬರಿಯ ಹೆಸರಿನ ಬೆಟ್ಟಕ್ಕೆ ಹೋಗಿ ಶಬರಿಗೇ ಕೈ ಮುಗಿಯದೆ ಬರುವುದು ಯಾವ ಯಾತ್ರೆ?

ಇರುಮುಡಿ ಕಟ್ಟಿದ ಮೇಲೆ ದಾರಿಯಲ್ಲಿ ಹಂಪಿ, ಮೈಸೂರು, ಊಟಿ ಎಂದು ಸುತ್ತುವ ಗುಂಪುಗಳಿವೆ. ಅವರನ್ನು ನಿಂದಿಸುವುದಿಲ್ಲ, ಆದರೆ ನನಗೆ ಅದು ಸರಿ ಕಾಣುವುದಿಲ್ಲ. ಯಾರಿಗೋ ಕೊಡಬೇಕಾದದ್ದನ್ನು ತಲೆಯ ಮೇಲೆ ಹೊತ್ತವನು ಮೊದಲು ಅದನ್ನು ತಲುಪಿಸಬೇಕು. ಅದಕ್ಕೇ ಬರುವಾಗ. ಬರುವಾಗಲೂ ಮಾಲೆ ಕೊರಳಲ್ಲೇ ಇರುತ್ತದೆ, ಮರೆಯಬೇಡಿ. ಕಲ್ಲಿನ ರಥದ ಮುಂದೆ ಕೇಕೆ ಹಾಕಿ ವಿಡಿಯೋ ಮಾಡುವುದು, ವಿಟ್ಠಲ ಗುಡಿಯ ಕಂಬ ಬಡಿದು ಸ್ವರ ಬರುತ್ತದಾ ಎಂದು ನೋಡುವುದು ಬೇಡ. ಬಡಿದು ಬಡಿದೇ ಆ ಕಂಬಗಳು ಹಾಳಾದದ್ದು. 1565ರ ಯುದ್ಧದ ಮೇಲೆ ಉಳಿದದ್ದನ್ನು ನಮ್ಮ ಕೈಯಿಂದ ಮುಗಿಸುವುದು ಬೇಡ.

ಅವ್ವ ಅದಾದ ಎರಡು ವರ್ಷಕ್ಕೆ ಹೋದಳು. ಆ ವರ್ಷ ಸೂತಕ ಇದ್ದುದರಿಂದ ಮಾಲೆ ಹಾಕಲಿಲ್ಲ. ಮರುವರ್ಷ ಪಂಪೆಯಲ್ಲಿ, ಕೇರಳದ ಪಂಪೆಯಲ್ಲಿ, ಮೊದಲ ಸಲ ತರ್ಪಣಕ್ಕೆ ಕೂತೆ. ನದಿಯ ಹೆಸರು ಹೇಳುವಾಗ ಬಾಯಲ್ಲಿ ಹಂಪೆ ಎಂದು ಬಂತು. ತರ್ಪಣ ಮಾಡಿಸುವವರು ತಲೆ ಎತ್ತಿ ನೋಡಿದರು, ಏನೂ ಅನ್ನಲಿಲ್ಲ, ಮುಂದುವರಿಸಿದರು.

ಈ ವರ್ಷದ ಏರ್ಪಾಡು: ಮಕರಜ್ಯೋತಿಯ ನಂತರ ಹೊಸಪೇಟೆಯಲ್ಲಿ ಎರಡು ರಾತ್ರಿ. ಮೊದಲ ದಿನ ಮತಂಗ ಬೆಟ್ಟ, ವಿರೂಪಾಕ್ಷ, ಹಜಾರರಾಮ. ಎರಡನೇ ದಿನ ಬುಕ್ಕಸಾಗರದ ಸೇತುವೆ ದಾಟಿ ಆನೆಗೊಂದಿ, ಅಂಜನಾದ್ರಿ, ಪಂಪಾ ಸರೋವರ. ಮುಂಬಯಿ, ಪುಣೆಯವರು ಬಸ್ಸಿನಲ್ಲೇ ಇರುತ್ತೀರಿ. ಹೈದರಾಬಾದಿನವರು ರಾಯಚೂರಿನ ಮೇಲೆ ಬಂದು ಗಂಗಾವತಿಯಲ್ಲಿ ನಮ್ಮನ್ನು ಕೂಡಿಕೊಳ್ಳಬಹುದು. ಚೆನ್ನೈ, ದಿಲ್ಲಿಯವರು ಮೊದಲೇ ತಿಳಿಸಿದರೆ ಊಟದ ಲೆಕ್ಕ ಇಡುತ್ತೇನೆ. ದಾರಿಯಲ್ಲಿ, ಅಥವಾ ಅರ್ಧ ದಿನ ಆಚೀಚೆ, ಯಾರದಾದರೂ ಊರು ಇದ್ದರೆ, ಮನೆಯಲ್ಲಿ ಹಿರಿಯರು ಇದ್ದರೆ, ನಾಚಿಕೊಳ್ಳದೆ ಈಗಲೇ ಹೇಳಿ. ಬಸ್ಸು ತಿರುಗಿಸೋಣ. ಬಾಡಿಗೆ ಹೆಚ್ಚಾದರೆ ಹಂಚಿಕೊಳ್ಳೋಣ. ಪುಣೆಯ ಕನ್ನಿಸ್ವಾಮಿಗಳ ಅಜ್ಜಿ ಕಂಪ್ಲಿಯಲ್ಲಿ ಇದ್ದಾರೆಂದು ನಿನ್ನೆಯಷ್ಟೇ ಗೊತ್ತಾಯಿತು. ಅವರ ಹೆಸರನ್ನು ಪಟ್ಟಿಯಲ್ಲಿ ಮೊದಲೇ ಬರೆದಿದ್ದೇನೆ. ಬಾರೆಹಣ್ಣು ಆಗ ಸಂತೆಯಲ್ಲಿ ಸಿಗುತ್ತದೆ, ನೋಡಿ ಆರಿಸಿಕೊಳ್ಳಬೇಕು.

ಸ್ವಾಮಿ ಶರಣಂ.